ಮೀನು ಸಾಕುವ ಸಿಹಿನೀರಿನ ತೊಟ್ಟಿ, ಉಪ್ಪುನೀರಿನ ತೊಟ್ಟಿ ಎರಡಕ್ಕೂ ಒಂದೇ ಫಿಲ್ಟರ್ ಆಗುತ್ತದೆಯೇ?

ಆಗುತ್ತದೆ. ಕ್ಯಾನಿಸ್ಟರ್ ಫಿಲ್ಟರ್ ತೆಗೆದುಕೊಳ್ಳಿ. ಇದು ತೊಟ್ಟಿಯ ಹೊರಗೆ ಇಡುವ ಮುಚ್ಚಿದ ಡಬ್ಬಿ, ಪೈಪಿನ ಮೂಲಕ ನೀರನ್ನು ಎಳೆದು, ಸೋಸಿ, ವಾಪಸ್ ಬಿಡುತ್ತದೆ. ಚಿಕ್ಕ ತೊಟ್ಟಿಗೆ ಅಂಚಿಗೆ ನೇತುಹಾಕುವ ಫಿಲ್ಟರ್ ಸಾಕು.

ಕೊಳ್ಳುವ ಮುಂಚೆ ಉಪ್ಪುನೀರಿಗೂ ಆಗುತ್ತದೆ ಎಂದು ಬರೆದಿದೆಯೇ ನೋಡಿ. ನೀರು ತಾಗುವ ಕಡೆ ಸಾಮಾನ್ಯ ಲೋಹ ಇರಬಾರದು, ಪಂಪಿನೊಳಗಿನ ಕಡ್ಡಿ ಸೆರಾಮಿಕ್‌ನದ್ದಾಗಿದ್ದರೆ ಒಳ್ಳೆಯದು. ಉಪ್ಪು ಲೋಹವನ್ನು ಬೇಗ ತಿನ್ನುತ್ತದೆ. ತಾಮ್ರ ಸ್ವಲ್ಪ ಕರಗಿದರೂ ಸೀಗಡಿ, ಹವಳ ಉಳಿಯುವುದಿಲ್ಲ.

ಒಂದೇ ಫಿಲ್ಟರ್ ಎರಡೂ ಕಡೆ ನಡೆಯಲು ಕಾರಣವಿದೆ. ನೀರನ್ನು ನಿಜವಾಗಿ ಸ್ವಚ್ಛ ಮಾಡುವುದು ಸ್ಪಂಜು, ಸೆರಾಮಿಕ್ ಉಂಗುರಗಳಲ್ಲಿ ಬೆಳೆಯುವ ಬ್ಯಾಕ್ಟೀರಿಯಾ. ಮೀನಿನ ಕಸದಿಂದ ಬರುವ ವಿಷ ಅಮೋನಿಯಾ. ಅದನ್ನು ಅವು ನೈಟ್ರೈಟ್, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಫಿಲ್ಟರ್ ಅವುಗಳಿಗೆ ಮನೆ, ಅಷ್ಟೇ.

ಆದರೆ ಸಿಹಿನೀರಿನ ಬ್ಯಾಕ್ಟೀರಿಯಾ ಉಪ್ಪುನೀರಿಗೆ ಹಾಕಿದ ತಕ್ಷಣ ಕೆಲಸ ಮಾಡುವುದಿಲ್ಲ. ಹಾಗಾಗಿ ತೊಟ್ಟಿ ಬದಲಾಯಿಸಿದರೆ ಹೊಸದಾಗಿ ಬೆಳೆಸಬೇಕು, ಕೆಲವು ವಾರ ಹಿಡಿಯುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ 0 ಆಗುವವರೆಗೆ ದಯವಿಟ್ಟು ಮೀನು ಬಿಡಬೇಡಿ. ಅವಸರಕ್ಕೆ ಸಾಯುವುದು ಪಾಪದ ಮೀನು, ಅಲ್ವಾ?

ಪಂಪು ಗಂಟೆಗೆ ತೊಟ್ಟಿಯ ನೀರಿನ 4ರಿಂದ 6 ಪಟ್ಟು ತಿರುಗಿಸಿದರೆ ಸಿಹಿನೀರಿಗೆ ಸಾಕು. ಉಪ್ಪುನೀರಿಗೆ ಇನ್ನೂ ಜಾಸ್ತಿ ಹರಿವು ಬೇಕು, ಅದಕ್ಕೆ ತೊಟ್ಟಿಯೊಳಗೆ ಬೇರೆ ಪಂಪು ಇಡಿ. ಉಪ್ಪುನೀರಲ್ಲಿ ಕ್ಯಾನಿಸ್ಟರನ್ನು ಬೇಗ ಬೇಗ ತೊಳೆಯಿರಿ. ಒಳಗೆ ಕೂತ ಕಸ ಕೊಳೆತು ನೈಟ್ರೇಟ್ ಏರುತ್ತದೆ, ಹವಳಕ್ಕೆ ಅದು ಒಗ್ಗುವುದಿಲ್ಲ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿ, ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ.