ಮೆಚ್ಚಿದ ಅಭ್ಯರ್ಥಿಯ ನಿಲುವು ನಮ್ಮದೇ ಎಂದು ಏಕೆ ಅನ್ನಿಸುತ್ತದೆ?

ಮೆಚ್ಚಿದ ಅಭ್ಯರ್ಥಿಯ ವಿಚಾರ ನಮ್ಮ ವಿಚಾರಕ್ಕೆ ಹತ್ತಿರವೆಂದು ಅನ್ನಿಸುವುದು ಅವರ ನಿಲುವನ್ನು ಅಳೆದು ನೋಡಿದ ಫಲವೇ ಎಂದು ಕೇಳಿದ್ದೀರಿ. ಪೂರ್ತಿಯಾಗಿ ಅಲ್ಲ. ಮತದಾರನು ನಿಲುವಿನಲ್ಲಿ ತನಗೆ ಸಮೀಪವಿರುವವರನ್ನೇ ಆರಿಸುತ್ತಾನೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸ್ 1957ರಲ್ಲಿ ವಾದಿಸಿದ್ದರು. ಆದರೆ ಅಳತೆಗೋಲು ಮತದಾರನ ಕೈಯಲ್ಲೇ ಇರುವುದರಿಂದ, ಮೆಚ್ಚಿದವರನ್ನು ಅವನು ತನ್ನತ್ತ ಎಳೆದುಕೊಳ್ಳುತ್ತಾನೆ, ಒಲ್ಲದವರನ್ನು ಅವರು ಇರುವುದಕ್ಕಿಂತ ದೂರಕ್ಕೆ ತಳ್ಳುತ್ತಾನೆ. ಅಮೆರಿಕದ ಚುನಾವಣಾ ಸಮೀಕ್ಷೆಗಳು ಉದಾರವಾದದಿಂದ ಸಂಪ್ರದಾಯವಾದದವರೆಗಿನ 7 ಹಂತಗಳಲ್ಲಿ ತಮ್ಮ ಸ್ಥಾನವನ್ನೂ ಅಭ್ಯರ್ಥಿಯ ಸ್ಥಾನವನ್ನೂ ಗುರುತಿಸಲು ಮತದಾರರನ್ನು ಕೇಳಿದಾಗ ಈ ಎಳೆತ ಮತ್ತು ತಳ್ಳುವಿಕೆಗಳೆರಡೂ ಕಂಡುಬಂದಿವೆ.

ನಮ್ಮ ದಾವಣಗೆರೆಯಲ್ಲಿ ಎಡ, ಬಲ ಎಂಬ ಮಾತಿಗಿಂತ ಭದ್ರಾ ನಾಲೆಯ ನೀರಿನ ಮಾತೇ ಹೆಚ್ಚು. ಅಭ್ಯರ್ಥಿಯೊಬ್ಬರು ‘ನೀರು ನ್ಯಾಯವಾಗಿ ಹಂಚಿಕೆಯಾಗಬೇಕು’ ಎಂದರೆ, ಭತ್ತದ ಮಡಿಗೆ ಹದಿನೈದು ದಿನಗಳಿಂದ ನೀರು ಕಾಣದ ಕೊನೆಭಾಗದ ರೈತನು ಮೇಲಿನವರ ಅಕ್ರಮ ಪಂಪ್‌ಸೆಟ್‌ಗಳನ್ನು ತೆಗೆಸುತ್ತಾರೆಂದು ತಿಳಿಯುತ್ತಾನೆ. ಮೇಲ್ಭಾಗದ ಅಡಿಕೆ ಬೆಳೆಗಾರನು ತನ್ನ ಪಾಲಿಗೆ ಯಾರೂ ಕೈಹಾಕುವುದಿಲ್ಲವೆಂದು ನಂಬುತ್ತಾನೆ. ಇಬ್ಬರೂ ಕೇಳಿದ್ದು ಒಂದೇ ವಾಕ್ಯ. ಮಾತು ಅಸ್ಪಷ್ಟವಾದಷ್ಟೂ ನಮ್ಮ ವಿಚಾರವನ್ನು ಹೀಗೆ ಅಭ್ಯರ್ಥಿಯ ಮೇಲೆ ಹೊರಿಸಲು ಜಾಗ ಹೆಚ್ಚು, ಮತ್ತು ಇದೇ ನನಗೆ ನಿಜವಾಗಿ ಕಳವಳದ ಸಂಗತಿ. ಪಕ್ಷದ ಚಿಹ್ನೆಯು ಸ್ವಲ್ಪ ಸುಳಿವು ಕೊಡುತ್ತದೆ; ಆದರೆ ಯಾವ ತೂಬಿಗೆ ಎಷ್ಟು ದಿನ ನೀರು ಎಂದು ಸಭೆಯಲ್ಲೇ ಕೇಳಿ ಉತ್ತರ ಪಡೆದವನಿಗೆ ಹೀಗೆ ತಪ್ಪಾಗಿ ಊಹಿಸಲು ಅವಕಾಶ ಕಡಿಮೆ.