ಅಪ್ಪನ ವರ್ಷಾಂತಿಕಕ್ಕೆ ನೆನಪಿನ ಪುಸ್ತಕ ಮಾಡುತ್ತಿದ್ದೇವೆ. ಅಳುತ್ತಾರೆ ಅಂತ ಅಮ್ಮನಿಗೆ ಹೇಳಿಲ್ಲ. ಅದರಲ್ಲಿ ಏನೇನು ಇರಬೇಕು?

ಅಮ್ಮನಿಗೆ ಹೇಳದೆ ಮಾಡಬೇಡಿ. ನಾವು ಮಾಡಿದ್ದು ಅದನ್ನೇ.

ನಮ್ಮಪ್ಪ ಬೆಂಗಳೂರಿನ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವರು. ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ 1961ರಲ್ಲಿ ಶುರುವಾದ ಕಾರ್ಖಾನೆ ಅದು. ಕಣ್ಣಿಗೆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು, ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸುವ ಕೆಲಸ. ನಮ್ಮ ಪುಸ್ತಕದಲ್ಲಿ ಇದೆಲ್ಲ ಇತ್ತು. ಜೊತೆಯಲ್ಲಿ ಕೆಲಸ ಮಾಡಿದವರ ಮಾತು, ಜನತಾ ವಾಚಿನ ಫೋಟೋ, 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದ ಸುದ್ದಿ ಕೇಳಿ ಅವರು ಊಟಕ್ಕೂ ಏಳದೆ ಕೂತಿದ್ದು. ಅಮ್ಮ ಇದ್ದದ್ದು ಮದುವೆ ಫೋಟೋದಲ್ಲಿ ಮಾತ್ರ.

ವರ್ಷಾಂತಿಕದ ಊಟ ಮುಗಿದ ಮೇಲೆ ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಅಳಲಿಲ್ಲ. "ನನ್ನ ವಾಚಿನ ವಿಷಯ ಯಾಕೋ ಹಾಕಿಲ್ಲ?" ಅಂದರು.

ಅವರ ಹತ್ತಿರ ಒಂದು ಸುಜಾತಾ ಇತ್ತು. ಕೀ ಕೊಡುವ ವಾಚು. ದಿನಾ ಕೀ ಕೊಡದಿದ್ದರೆ ನಿಂತುಹೋಗುತ್ತದೆ. ಫಸ್ಟ್ ಶಿಫ್ಟಿಗೆ ಹೊರಡುವ ಮೊದಲು ಅಪ್ಪ ಅದಕ್ಕೆ ಕೀ ಕೊಟ್ಟು, ಕಿವಿಗೆ ಹಿಡಿದು ಕೇಳಿ, ಅಡುಗೆಮನೆ ಕಿಟಕಿಯಲ್ಲಿಟ್ಟು ಹೋಗುತ್ತಿದ್ದರಂತೆ. ಜಗಳವಾಗಿ ಮಾತು ಬಿಟ್ಟ ದಿನವೂ ತಪ್ಪಿಸಿದವರಲ್ಲವಂತೆ. ನಾವು ಆಗ ಮಲಗಿರುತ್ತಿದ್ದೆವು, ನಮಗೆಲ್ಲಿ ಗೊತ್ತಾಗಬೇಕು?

ಆವತ್ತೇ ಕೂತು ಕೇಳಬೇಕಿತ್ತು. ಕೇಳಲಿಲ್ಲ. ನಮಗೆ ದುಬಾರಿಯಾದದ್ದು ಪುಸ್ತಕವಲ್ಲ, ಇದು. ಇನ್ನೊಂದು ಪುಸ್ತಕ ಮಾಡೋಣ, ಆಗ ಎಲ್ಲಾ ಹೇಳುವೆಯಂತೆ ಅಂದೆವು. ಅಣ್ಣನಿಗೆ ರಜೆ ಸಿಗಲಿ, ಮಳೆಗಾಲ ಮುಗಿಯಲಿ, ಒಳ್ಳೆಯ ಮೈಕ್ ತರೋಣ, ಹೀಗೇ ಮುಂದಕ್ಕೆ ಹೋಯಿತು. ಫೋನು ಜೇಬಲ್ಲೇ ಇತ್ತು. ಕೆದಕಿದರೆ ಅಮ್ಮನಿಗೆ ಸಂಕಟ ಆಗುತ್ತದೆ ಅಂತ ಬೇರೆ ಹೇಳಿಕೊಂಡೆವು. ನಿಜ ಹೇಳಬೇಕೆಂದರೆ ಆ ಸಂಕಟ ನೋಡುವ ಧೈರ್ಯ ನಮಗಿರಲಿಲ್ಲ. ಅಷ್ಟರಲ್ಲಿ ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾಯಿತು. ಈಗ ಆ ವಾಚು ತೋರಿಸಿದರೆ "ಯಾರದ್ದು?" ಅಂತಾರೆ. ಇನ್ನೇನೇನು ಹೇಳುವುದಿತ್ತೋ, ಎಲ್ಲಾ ಹೋಯಿತು.

ಆದ್ದರಿಂದ ಪುಸ್ತಕದಲ್ಲಿ ಏನಿರಬೇಕು ಅನ್ನುವುದನ್ನು ಆಮೇಲೆ ನೋಡಿ. ನಿಮಗೆ ಅಪ್ಪ ಆಗುವ ಮೊದಲು ಅವರು ನಿಮ್ಮಮ್ಮನ ಗಂಡ, ಅಲ್ವಾ? ಆ ವರ್ಷಗಳನ್ನು ನೀವು ಯಾರೂ ನೋಡಿಲ್ಲ. ಅಮ್ಮ ಅತ್ತರೆ ಅಳಲಿ, ಪಕ್ಕದಲ್ಲಿ ಕೂತಿರಿ. ಗಣ್ಯರ ಸಂದೇಶ, 'ಆದರ್ಶ ತಂದೆ' ಅನ್ನುವ ಲೇಖನ ಇವೆಲ್ಲ ಬೇಡವೇ ಬೇಡ.

"ಅಪ್ಪನ ಬಗ್ಗೆ ಹೇಳಮ್ಮ" ಅಂದರೆ "ಒಳ್ಳೆಯವರು" ಅಂದು ಸುಮ್ಮನಾಗುತ್ತಾರೆ. ಸಣ್ಣ ಸಣ್ಣದು ಕೇಳಿ. ಮದುವೆಯಾದ ಹೊಸದರಲ್ಲಿ ಮನೆ ಬಾಡಿಗೆ ಎಷ್ಟಿತ್ತು? ಯಾವ ಸಾರು ಮಾಡಿದರೆ ಮುಖ ಸಿಂಡರಿಸುತ್ತಿದ್ದರು? ಮೊದಲ ಸಲ ಯಾವ ಸಿನಿಮಾಕ್ಕೆ ಹೋದಿರಿ? ಹಳೇ ಆಲ್ಬಮ್ ಬಿಚ್ಚಿಟ್ಟುಕೊಂಡರೆ ಇನ್ನೂ ಸುಲಭ. ಯಾರ್ಯಾರು ಅಂತ ಫೋಟೋ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ. ಅವರು ಮಾತಾಡುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಹೇಳಿಯೇ ಮಾಡಿ.

ವರ್ಷಾಂತಿಕಕ್ಕೆ ಪುಸ್ತಕ ಆಗದಿದ್ದರೆ ಪಿತೃಪಕ್ಷಕ್ಕೆ ಬರಲಿ, ಮುಂದಿನ ವರ್ಷವಾದರೂ ಬರಲಿ. ಅಮ್ಮನ ಜೊತೆ ಮಾತ್ರ ಈ ಭಾನುವಾರವೇ ಕೂತುಕೊಳ್ಳಿ.