ಭಾರತ ಹಾಡಿದ ಪೆರುಂದೇವನಾರ್: ಸಂಪಾದಕರ ಉತ್ತರ

ಮಾನ್ಯರೇ,

ತಮಿಳಿನಲ್ಲಿ ಮಹಾಭಾರತವನ್ನು ಹಾಡಿದ ಪೆರುಂದೇವನಾರ್ ತಮಿಳಿನ ಅತಿ ಪ್ರಾಚೀನ ಸಾಹಿತ್ಯವಾದ ಸಂಗಂ ಕಾವ್ಯದೊಡನೆ ಸೇರಿದವರೆಂದು ಒಂದೆಡೆ, ಪಲ್ಲವರ ಕಾಲದವರೆಂದು ಇನ್ನೊಂದೆಡೆ ಓದಿ, ಇಬ್ಬರೂ ಒಬ್ಬರೇ ಏನು, ಆ ಭಾರತ ಈಗ ಎಲ್ಲಿದೆ ಎಂದು ಕೇಳಿದ್ದೀರಿ. ಹೆಸರು ಒಂದೇ ಆದರೂ ಇಬ್ಬರನ್ನು ಬೆರೆಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯವರ, ಅಂದರೆ ಪಲ್ಲವರ ಕಾಲದ ಕವಿಯ, ಕಾಲ ಸ್ಪಷ್ಟವಾಗಿದೆ. ತೆಳ್ಳಾರಿನ ಕಾಳಗದಲ್ಲಿ ಗೆದ್ದ ಪಲ್ಲವ ದೊರೆ ಮೂರನೆಯ ನಂದಿವರ್ಮನನ್ನು ಅವರು ತಮ್ಮ ‘ಭಾರತ ವೆಣ್ಬಾ’ದಲ್ಲಿ ಸ್ಮರಿಸಿರುವುದರಿಂದ ಅವರು 9ನೆಯ ಶತಮಾನದವರು. ವೆಣ್ಬಾ ಛಂದಸ್ಸಿನ ಪದ್ಯಗಳ ನಡುವೆ ಗದ್ಯವನ್ನು ಹೆಣೆದ ಆ ಕೃತಿಯಲ್ಲಿ ಉದ್ಯೋಗ, ಭೀಷ್ಮ, ದ್ರೋಣ ಪರ್ವಗಳ ಭಾಗಗಳಷ್ಟೇ ಉಳಿದಿವೆ. 941ರ ಪಂಪಭಾರತವನ್ನು ಬಲ್ಲ ನಮಗೆ ಗದ್ಯಪದ್ಯಗಳ ಈ ಬೆಸುಗೆ ಹೊಸದೆನಿಸದು.

ಮೊದಲನೆಯವರ ಭಾರತ ಮಾತ್ರ ಕಳೆದುಹೋಗಿದೆ. ತಮಿಳಿನ ಪ್ರಾಚೀನ ವ್ಯಾಕರಣ ಗ್ರಂಥವಾದ ತೊಲ್ಕಾಪ್ಪಿಯದ ವ್ಯಾಖ್ಯಾನದಲ್ಲಿ ಉದ್ಧೃತವಾದ ಕೆಲವು ಪದ್ಯಗಳು ಅದರವೇ ಎನ್ನುವ ವಿದ್ವಾಂಸರಿದ್ದಾರೆ. ಆದರೂ ಅವರ ಕವಿತ್ವವನ್ನು ನಾವು ನೇರವಾಗಿ ಕಾಣುವುದು ಸಂಗಂ ಸಾಹಿತ್ಯದ ಎಂಟು ಸಂಕಲನಗಳ ಪೈಕಿ ಐದಕ್ಕೆ, ಅಂದರೆ ನಟ್ರಿಣೈ, ಕುರುಂದೊಗೈ, ಐಂಗುರುನೂರು, ಅಗನಾನೂರು, ಪುರನಾನೂರುಗಳಿಗೆ ಅವರು ರಚಿಸಿದ ದೇವತಾಸ್ತುತಿಗಳಲ್ಲಿ. ಆ ಸಂಕಲನಗಳ ಬಹುಪಾಲು ಕವಿತೆಗಳು ಒಲವನ್ನೂ ಯುದ್ಧವನ್ನೂ ಕುರಿತವು. ಅವುಗಳ ಮುಂದೆ ದೇವರನ್ನು ನಿಲ್ಲಿಸಿದ್ದು ನಂತರ ಬಂದ ಈ ಕವಿ. ನಟ್ರಿಣೈಯ ಸ್ತುತಿಯಲ್ಲಿ ವಿಷ್ಣುವಿಗೆ ನೆಲವೇ ಪಾದ, ಶಂಖಗಳು ಮೊರೆಯುವ ಕಡಲೇ ಉಡುಗೆ, ಬಾನೇ ಮೈ, ದಿಕ್ಕುಗಳೇ ಕೈ, ಸೂರ್ಯಚಂದ್ರರೇ ಕಣ್ಣು. ಐಂಗುರುನೂರಿನದು ಮೂರೇ ಸಾಲಿನದು: ನೀಲವರ್ಣದ ದೇವಿಯನ್ನು ತನ್ನ ಅರ್ಧವಾಗಿ ಉಳ್ಳವನ ಎರಡು ಪಾದಗಳ ನೆರಳಿನಲ್ಲಿ ಮೂರು ಲೋಕಗಳೂ ಕ್ರಮವಾಗಿ ಮೊಗ್ಗೊಡೆದವು ಎನ್ನುತ್ತದೆ. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟನ್ನು ಹಿಡಿಯಬಲ್ಲವರು ಕುರುಕ್ಷೇತ್ರವನ್ನು ಹೇಗೆ ಹಾಡಿದ್ದರೋ ಎಂದು ನೆನೆದಾಗ ಆ ಗ್ರಂಥದ ನಷ್ಟ ಎಷ್ಟು ದೊಡ್ಡದೆಂಬುದು ಮನಸ್ಸಿಗೆ ನಾಟುತ್ತದೆ. ಕುರುಂದೊಗೈಯ ಆರಂಭದಲ್ಲಿ ಮುರುಗನಿದ್ದಾನೆ. 1894ರಲ್ಲಿ ಉ. ವೇ. ಸ್ವಾಮಿನಾಥ ಅಯ್ಯರ್ ಅಚ್ಚು ಹಾಕಿಸಿದ ಪುರನಾನೂರು ಶಿವಸ್ತುತಿಯಿಂದ ತೊಡಗುತ್ತದೆ.

ಪಾಂಡ್ಯರ ಚಿನ್ನಮನೂರು ತಾಮ್ರಶಾಸನವನ್ನೂ ತಾವು ಪ್ರಸ್ತಾಪಿಸಿದ್ದೀರಿ. ಹಿಂದಿನ ಪಾಂಡ್ಯ ದೊರೆಗಳು ಮಹಾಭಾರತವನ್ನು ತಮಿಳಿಗೆ ತಂದರು, ಮಧುರೆಯಲ್ಲಿ ಕವಿಗಳ ಕೂಟವಾದ ಸಂಗವನ್ನು ಸ್ಥಾಪಿಸಿದರು ಎಂದು ಅದು ಎರಡನ್ನೂ ಒಟ್ಟಿಗೇ ಹೆಮ್ಮೆಯಿಂದ ಎಣಿಸುತ್ತದೆ. ಪಲ್ಲವರ ಆಸ್ಥಾನಕ್ಕಿಂತ ಹಳೆಯದಾದ ಒಂದು ತಮಿಳು ಭಾರತವಿತ್ತು ಎನ್ನಲು ಇದು ಬಲವಾದ ಆಧಾರ. ಆದರೆ ಶಾಸನ ಕವಿಯ ಹೆಸರನ್ನು ಹೇಳುವುದಿಲ್ಲವಾದ್ದರಿಂದ, ಆ ಭಾರತವನ್ನು ಪೆರುಂದೇವನಾರ್ ಅವರಿಗೇ ಸೇರಿಸಿಬಿಡುವುದಕ್ಕೆ ನಾನು ಒಪ್ಪಲಾರೆ.

— ಸಂಪಾದಕ